ಗ್ಲಾಸಿಗೆ ಎರೆದ ಜೇನುಮೇಣದ ಕ್ಯಾಂಡಲ್ ಅರ್ಧ ಗಂಟೆಗೆ ಆರಿ ಹೋಗುತ್ತದೆ: ಬತ್ತಿ ಯಾವ ನಂಬರ್ ಹಾಕಬೇಕು?

ಹೊಳೆಬದಿ (ಕಲ್ಯಾಣಪುರ, ಉಡುಪಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಏನೇನು ಮಾಡಿದೆ ಅಂತ ಪೂರ್ತಿ ಹೇಳದಿದ್ದರೆ ಉತ್ತರ ಕೊಡುವವರಿಗೂ ಕಷ್ಟ ಅಲ್ವಾ.

ಸುಳ್ಯದ ಹತ್ತಿರ ನನ್ನ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ಹದಿನಾಲ್ಕು ಜೇನುಪೆಟ್ಟಿಗೆ ಉಂಟು. ಎಲ್ಲವೂ ತುಡುವೆ, ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಊರಿನ ಜೇನು. ಹಳೆಯ ಎರಿಗಳನ್ನು (ಜೇನುಹುಟ್ಟು) ಕರಗಿಸಿದ ಮೇಣ ವರ್ಷಗಟ್ಟಲೆ ಅವರ ಅಟ್ಟದಲ್ಲೇ ಬಿದ್ದಿರುತ್ತಿತ್ತು. ಈ ಸಲ ಸುಮಾರು ಮೂರು ಕಿಲೋ ನನಗೆ ಕೊಟ್ಟರು. ಕಂದು ಬಣ್ಣ, ಒಳ್ಳೆಯ ಜೇನಿನ ಪರಿಮಳ. ದೀಪಾವಳಿಗೆ ಇಪ್ಪತ್ತು ಗ್ಲಾಸ್ ಕ್ಯಾಂಡಲ್ ಮಾಡಿ ಕೊಡುತ್ತೇನೆ ಅಂತ ಅಕ್ಕಪಕ್ಕದವರಿಗೆ ಮಾತು ಕೊಟ್ಟೂ ಆಗಿದೆ.

ಗ್ಲಾಸ್ ದಪ್ಪ ಗಾಜಿನದು. ಬಾಯಿ 7 ಸೆಂ.ಮೀ. ಒಂದಕ್ಕೆ 190 ಗ್ರಾಂ ಮೇಣ ಹಿಡಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಕರಗಿಸುತ್ತೇನೆ. ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಎರೆಯುತ್ತೇನೆ.

ಮೊದಲು ಆನ್‌ಲೈನಲ್ಲಿ ತರಿಸಿದ ಕ್ಯಾಂಡಲ್ ಕಿಟ್‌ನ ಬತ್ತಿ ಹಾಕಿದೆ. ಅದು ಸೋಯಾ ಮೇಣಕ್ಕೆ ಅಂತ ಬರೆದಿತ್ತು. ಇಪ್ಪತ್ತು ನಿಮಿಷಕ್ಕೆ ಆರಿತು. ಆಮೇಲೆ ಓದಿ ತಿಳಿದುಕೊಂಡು ಚೌಕ ಹೆಣಿಗೆಯ ಹತ್ತಿ ಬತ್ತಿ ತರಿಸಿದೆ, ನಂಬರ್ ಎರಡು. ಪ್ಯಾಕೆಟ್ ಮೇಲೆ 2/0 ಅಂತ ಉಂಟು. ಅದೂ ಹಾಗೇ ಆಯಿತು.

ಆರುವ ರೀತಿ ಹೇಳುತ್ತೇನೆ. ಮೊದಲ ಹತ್ತು ನಿಮಿಷ ಜ್ವಾಲೆ ಚೆನ್ನಾಗಿರುತ್ತದೆ. ಬತ್ತಿಯ ಸುತ್ತ ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಮೇಣ ಕರಗುತ್ತದೆ. ಅಲ್ಲಿಂದ ಅಗಲ ಆಗುವುದೇ ಇಲ್ಲ, ಕೆಳಗೆ ಇಳಿಯುತ್ತದೆ. ಬಾವಿ ತೋಡಿದ ಹಾಗೆ. ಜ್ವಾಲೆ ಸಣ್ಣಗಾಗುತ್ತಾ ಹೆಸರುಕಾಳಿನಷ್ಟಾಗುತ್ತದೆ, ನೀಲಿಗೆ ತಿರುಗಿ ಆರುತ್ತದೆ. ಬತ್ತಿಯ ತುದಿಯಲ್ಲಿ ಕಪ್ಪು ಗಂಟು ಕಟ್ಟಿರುತ್ತದೆ. ಉಗುರಿನಿಂದ ಒತ್ತಿದರೆ ಪುಡಿ ಆಗುವುದಿಲ್ಲ, ಅಂಟುತ್ತದೆ.

ಇನ್ನೂ ದಪ್ಪ ಬತ್ತಿ ತರಿಸಲಾ? ಅಥವಾ ಮೇಣವೇ ಸರಿ ಇಲ್ವಾ? ರಥಬೀದಿಯ ಅಂಗಡಿಯಲ್ಲಿ ದೇವರ ದೀಪದ ಉದ್ದ ಬತ್ತಿ ಸಿಗುತ್ತದೆ. ಮೂರು ಎಳೆ ಸೇರಿಸಿ ಹೊಸೆದು ಹಾಕಿದರೆ ಆದೀತಾ? ಇನ್ನೊಂದು, ಕೆಲವನ್ನು ತೆಂಗಿನ ಗೆರಟೆಯಲ್ಲಿ ಎರೆಯಬೇಕು ಅಂತ ಆಸೆ ಉಂಟು.

—

ತುಡುವೆ (ಬೆಳ್ತಂಗಡಿ)

ಅಕ್ಕ, ಮೇಣದ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಬತ್ತಿ ನನ್ನ ವಿಷಯ ಅಲ್ಲ.

ಹಳೆಯ ಎರಿ ಅಂದರೆ ಮರಿ ಬೆಳೆದ ಎರಿ. ಅದರಲ್ಲಿ ಮರಿಗಳ ಪೊರೆ, ಪರಾಗ, ಜೇನಿನ ಅಂಶ ಎಲ್ಲ ಇರುತ್ತದೆ. ಚಹಾ ಜಾಲರಿಗೆ ಇದು ಸಿಗುವುದಿಲ್ಲ. ನೋಡಲು ಶುದ್ಧ ಕಾಣುತ್ತದೆ, ಆದರೆ ಸಣ್ಣ ಕಸ ಒಳಗೇ ಇರುತ್ತದೆ. ನಿಮ್ಮ ಬತ್ತಿಯ ತುದಿಯಲ್ಲಿ ಅಂಟುವ ಗಂಟು ಅದೇ ಇರಬೇಕು.

ಸ್ಟೀಲ್ ಪಾತ್ರೆಯಲ್ಲಿ ನೀರು ಮತ್ತು ಮೇಣ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ. ಹಳೆಯ ಹತ್ತಿ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ. ಹಾಗೇ ಮುಚ್ಚಿ ರಾತ್ರಿಯಿಡೀ ಬಿಡಿ. ಮೇಣ ನೀರಿಗಿಂತ ಹಗುರ, ಮೇಲೆ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಜೇನಿನ ಅಂಶ ನೀರಿಗೆ ಹೋಗುತ್ತದೆ. ಕಸ ಬಿಲ್ಲೆಯ ಅಡಿಯಲ್ಲಿ ಬೂದುಬಣ್ಣದ ಕೆಸರಿನ ಹಾಗೆ ಕೂತಿರುತ್ತದೆ. ಅದನ್ನು ಚೂರಿಯಿಂದ ಹೆರೆದು ತೆಗೆಯಿರಿ. ಇಷ್ಟನ್ನು ಎರಡು ಸಲ ಮಾಡಿ.

ಕಬ್ಬಿಣದ ಪಾತ್ರೆ ಬೇಡ, ಮೇಣ ಕಪ್ಪಾಗುತ್ತದೆ. ತಾಮ್ರವೂ ಬೇಡ, ಹಸಿರು ತಿರುಗುತ್ತದೆ. ನಿಮ್ಮ ಬಾವಿ ನೀರು ಬಾಲ್ದಿಗೆ ಕೆಂಪು ಕಲೆ ಹಿಡಿಸುವಂಥದ್ದಾದರೆ ಮಾಡಿನಿಂದ ಇಳಿದ ಮಳೆನೀರು ಹಿಡಿದಿಟ್ಟು ಬಳಸಿ. ಮತ್ತೆ ಚಿಕ್ಕಪ್ಪನ ಹತ್ತಿರ ಒಂದು ಮಾತು ಕೇಳಿ: ಇದರಲ್ಲಿ ಮುಜಂಟಿ (ಮುಳ್ಳಿಲ್ಲದ ಸಣ್ಣ ಜೇನು) ಗೂಡಿನ ಮೇಣವೂ ಸೇರಿದೆಯಾ ಅಂತ. ಮುಜಂಟಿ ಮೇಣದಲ್ಲಿ ಮರದ ಅಂಟೇ ಜಾಸ್ತಿ. ಅದು ಕ್ಯಾಂಡಲಿಗೆ ಆಗುವುದಿಲ್ಲ.

—

ಬಿಜೈ ಮೇಣದಮನೆ (ಮಂಗಳೂರು)

ಮೇಲಿನವರು ಹೇಳಿದ್ದು ಸರಿ. ಮೊದಲು ಮೇಣ ಶುದ್ಧ ಆಗಲಿ. ಆದರೆ ನಿಮ್ಮ ಬತ್ತಿಯಲ್ಲೂ ಒಂದು ತಪ್ಪು ಆಗಿದೆ. ಪ್ಯಾಕೆಟ್ ಮೇಲಿನದ್ದನ್ನು ಬರೆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ.

2/0 ಅಂದರೆ ನಂಬರ್ ಎರಡು ಅಲ್ಲ ಮಾರಾಯ್ರೇ. ಚೌಕ ಹೆಣಿಗೆಯ ಬತ್ತಿಯಲ್ಲಿ ಲೆಕ್ಕ ಬೇರೆ. ಪಕ್ಕದಲ್ಲಿ ಸೊನ್ನೆ ಇದ್ದರೆ ಅಂಕೆ ದೊಡ್ಡದಾದಷ್ಟೂ ಬತ್ತಿ ಸಪೂರ. 6/0 ತುಂಬ ಸಪೂರ, ಆಮೇಲೆ 5/0, 4/0 ಹೀಗೆ ದಪ್ಪ ಆಗುತ್ತಾ 1/0 ತನಕ ಬರುತ್ತದೆ. ಅದರ ನಂತರ ಸೊನ್ನೆ ಇಲ್ಲದ 1, 2, 3 ಶುರು. ಇಲ್ಲಿ ಅಂಕೆ ಜಾಸ್ತಿ ಆದಷ್ಟೂ ದಪ್ಪ. ನಿಮಗೆ ಬೇಕಾದ 2ಕ್ಕೂ ಕೈಗೆ ಬಂದ 2/0ಗೂ ನಡುವೆ 1/0 ಮತ್ತು 1 ಉಂಟು. ಅಂದರೆ ಮೂರು ಮೆಟ್ಟಿಲು ಕೆಳಗಿನ ಬತ್ತಿ ಹಾಕಿದ್ದೀರಿ.

ನಾನು 2013ರಿಂದ ಜೇನುಮೇಣ ಎರೆಯುತ್ತಿದ್ದೇನೆ. ಅಮ್ಮನೂ ಎರೆಯುತ್ತಿದ್ದರು, ತಗಡಿನ ಅಚ್ಚಿನಲ್ಲಿ, ಇಗರ್ಜಿಗೆ ಕೊಡಲು. ಅಚ್ಚಿನ ಕ್ಯಾಂಡಲ್ ಸುಲಭ. ಗ್ಲಾಸಿನದು ಕಷ್ಟ. ಮೇಣ ಹೊರಗೆ ಹರಿದು ಹೋಗುವುದಿಲ್ಲ, ಕರಗಿದ್ದೆಲ್ಲ ಬತ್ತಿಯ ಬುಡದಲ್ಲೇ ನಿಲ್ಲುತ್ತದೆ. ಬತ್ತಿ ಅಷ್ಟನ್ನೂ ಕುಡಿಯಬೇಕು.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಗ್ಲಾಸಿಗೆ ಎರೆಯುವ ಸೋಯಾ ಮೇಣ 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕರಗಿದ ಮೇಲೂ ಜೇನುಮೇಣ ಸೋಯಾದಷ್ಟು ತೆಳು ಆಗುವುದಿಲ್ಲ, ಮಂದ ಇರುತ್ತದೆ. ಹಾಗಾಗಿ ಅದನ್ನು ಕರಗಿಸಲು ಬಿಸಿ ಜಾಸ್ತಿ ಬೇಕು, ಮೇಲೆ ಎಳೆಯಲು ಬತ್ತಿಯಲ್ಲಿ ಜಾಗವೂ ಜಾಸ್ತಿ ಬೇಕು. ಸೋಯಾಕ್ಕೆ ಅಂತ ಬರೆದ ಯಾವ ಪಟ್ಟಿಯನ್ನೂ ಇದಕ್ಕೆ ನೋಡಬೇಡಿ.

ಚೌಕ ಹೆಣಿಗೆ ಯಾಕೆ ಅಂದರೆ, ಅದರ ಎಳೆಗಳ ನಡುವೆ ಸಂದು ದೊಡ್ಡದು, ಬೇಗ ಕಟ್ಟಿಕೊಳ್ಳುವುದಿಲ್ಲ. ಉರಿಯುವಾಗ ತುದಿ ಒಂದು ಕಡೆಗೆ ಬಾಗುತ್ತದೆ. ಬಾಗಿ ಜ್ವಾಲೆಯ ಅಂಚಿನಿಂದ ಹೊರಗೆ ಮೂಗು ತೋರಿಸುತ್ತದೆ. ಅಲ್ಲಿ ಗಾಳಿ ಸಿಕ್ಕಿ ತುದಿ ಕೆಂಡವಾಗಿ ಉದುರುತ್ತದೆ. 1825ರಲ್ಲಿ ಫ್ರಾನ್ಸಿನ ಕಾಂಬಾಸೆರೆಸ್ ಹೆಣೆದ ಬತ್ತಿ ಮಾಡುವ ತನಕ ಎಲ್ಲ ಬತ್ತಿಯೂ ಸುಮ್ನೆ ಹೊಸೆದದ್ದೇ. ಅದು ನೆಟ್ಟಗೆ ನಿಂತು ಕರಿ ಕಟ್ಟುತ್ತಿತ್ತು, ಉರಿಯುವಾಗಲೇ ಮತ್ತೆ ಮತ್ತೆ ಕತ್ತರಿಸಬೇಕಿತ್ತು. ನೀವು ರಥಬೀದಿಯ ಬತ್ತಿಯನ್ನು ಮೂರೆಳೆ ಹೊಸೆದು ಹಾಕಿದರೆ ಆಗುವುದೂ ಅದೇ. ದೀಪದಲ್ಲಿ ಎಣ್ಣೆ ತೆಳು ಇರುತ್ತದೆ, ನೆಣೆಯನ್ನು ನಾವೇ ಕೈಯಲ್ಲಿ ಮುಂದೆ ದೂಡುತ್ತೇವೆ, ಹಾಗಾಗಿ ನಡೆಯುತ್ತದೆ. ಮೇಣದಲ್ಲಿ ನಡೆಯುವುದಿಲ್ಲ.

ಒಳ್ಳೆಯ ಬತ್ತಿಯನ್ನು ಉಪ್ಪು, ಬಿಳಿಗಾರದಂಥ ಲವಣದ ನೀರಿನಲ್ಲಿ ನೆನೆಸಿ ಒಣಗಿಸಿರುತ್ತಾರೆ. ಅದೇ ಬಿಳಿಗಾರ, ಅಕ್ಕಸಾಲಿಗರು ಬೆಸುಗೆಗೆ ಹಾಕುವಂಥದ್ದು. ಅದರಿಂದ ಬತ್ತಿ ಗುಂಡಗೆ ಕರಿ ಕಟ್ಟದೆ ಪೂರ್ತಿ ಬೂದಿ ಆಗುತ್ತದೆ. ಚೌಕ ಬತ್ತಿಗೆ ಮೇಲೆ ಕೆಳಗೆ ಅಂತ ಉಂಟು. ಹೆಣಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎಳೆಗಳು ಎರಡು ಬೆರಳು ಅಗಲಿಸಿ ಮೇಲೆತ್ತಿದ ಹಾಗೆ ಕಾಣಬೇಕು, ಬಾಯಿ ಮೇಲಕ್ಕೆ. ಹಾಗೆ ನಿಲ್ಲಿಸಿ. ಎಲ್ಲ ಗ್ಲಾಸಿಗೂ ಒಂದೇ ದಿಕ್ಕು ಇರಲಿ.

ಹಾಕುವ ಮೊದಲು ಬತ್ತಿಗೆ ಮೇಣ ಕುಡಿಸಬೇಕು. ಇದನ್ನು ಬಿಟ್ಟರೆ ನಂಬರ್ ಸರಿ ಇದ್ದರೂ ಕೆಲಸ ಕೆಡುತ್ತದೆ, ನಮ್ಮ ಕರಾವಳಿಯ ತೇವಕ್ಕಂತೂ ಖಂಡಿತ. ಕರಗಿದ ಶುದ್ಧ ಮೇಣದಲ್ಲಿ ಬತ್ತಿ ಇಳಿಸಿದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತದೆ. ಎಳೆಯೊಳಗಿನ ಗಾಳಿ ಮತ್ತು ತೇವ ಅದು. ಗುಳ್ಳೆ ನಿಲ್ಲುವ ತನಕ ಬಿಡಿ, ಐದು ನಿಮಿಷ ಆದರೂ ಸರಿ. ತೆಗೆದು ಎರಡೂ ತುದಿ ಹಿಡಿದು ನೆಟ್ಟಗೆ ಎಳೆದು ಪೇಪರಿನ ಮೇಲೆ ಮಲಗಿಸಿ. ಆರಿದ ಮೇಲೆ ಹಿಡಿಕಡ್ಡಿಯ ಹಾಗೆ ಸೆಟೆದು ನಿಲ್ಲಬೇಕು.

ಇನ್ನು ನಂಬರ್. ನೀವು ಬಾಯಿ 7 ಸೆಂ.ಮೀ. ಅಂದಿರಿ. ಅದು ಹೊರಗಿನ ಅಳತೆಯಾ? ದಪ್ಪ ಗಾಜಾದರೆ ಒಳಗೆ 6.5 ಇರಬಹುದು. ನಮಗೆ ಬೇಕಾದದ್ದು ಒಳಗಿನದು. ಅಷ್ಟು ಅಗಲಕ್ಕೆ ಶುದ್ಧ ಜೇನುಮೇಣದಲ್ಲಿ ನಾನು 2ರಿಂದ ಶುರು ಮಾಡುತ್ತೇನೆ. ಆದರೆ ನನ್ನ ಮೇಣ ಬೇರೆ, ನಿಮ್ಮದು ಬೇರೆ. ಸುಳ್ಯದ ಹಳೇ ಎರಿಯ ಮೇಣಕ್ಕೆ ಯಾವ ನಂಬರ್ ಅಂತ ಬಿಜೈಯಲ್ಲಿ ಕೂತು ನಾನು ಹೇಳಲು ಆಗುವುದಿಲ್ಲ. 1, 2, 3 ಮೂರನ್ನೂ ಎರಡೆರಡು ಮೀಟರ್ ತರಿಸಿ. ಒಂದೇ ಅಳತೆಯ ಮೂರು ಗ್ಲಾಸ್, ಒಂದೇ ಪಾತ್ರೆಯ ಮೇಣ, ಬತ್ತಿ ಮಾತ್ರ ಬೇರೆ. ಎರಡು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ನಾನು ಮೊದಲ ಎರಡು ವರ್ಷ ಹಾಳು ಮಾಡಿದ್ದು ಹೀಗೆಯೇ.

ಫ್ಯಾನ್ ಆಫ್ ಮಾಡಿ ಚಾವಡಿಯಲ್ಲಿ ಮೂರನ್ನೂ ಸಾಲಾಗಿ ಇಡಿ, ನಡುವೆ ಒಂದು ಗೇಣು ಬಿಡಿ. ಬತ್ತಿ 6 ಮಿ.ಮೀ. ಇರಲಿ. ಒಳಗಿನ ಅಗಲ ಎರಡೂವರೆ ಸೆಂ.ಮೀ.ಗೆ ಒಂದು ಗಂಟೆ ಲೆಕ್ಕ, ಅಂದರೆ ನಿಮಗೆ ಎರಡೂವರೆ ಮೂರು ಗಂಟೆ. ಗಂಟೆಗೊಮ್ಮೆ ಕರಗಿದ ಕೊಳದ ಅಗಲ ಸ್ಕೇಲಿಟ್ಟು ನೋಡಿ ಬರೆದಿಡಿ. ಮೊದಲ ದಿನವೇ ತೀರ್ಮಾನ ಬೇಡ. ಜೇನುಮೇಣ ಮೊದಲ ಸಲ ಅಂಚಿನಲ್ಲಿ ನಾಲ್ಕೈದು ಮಿ.ಮೀ. ಉಳಿಸಿದರೂ ಎರಡನೇ ಮೂರನೇ ಸಲಕ್ಕೆ ಗ್ಲಾಸಿನ ಬಿಸಿಗೆ ಅದೂ ಕರಗಿ ಸೇರುತ್ತದೆ.

ಕೊಳ 1 ಸೆಂ.ಮೀ. ಆಳ ಇದ್ದರೆ ಸರಿ. ಒಂದೂವರೆ ದಾಟಿದರೆ, ಜ್ವಾಲೆ ಕುಣಿದು ಗ್ಲಾಸಿನ ಬಾಯಿಗೆ ಮಸಿ ಹಿಡಿದರೆ, ಗ್ಲಾಸ್ ಕೈಯಲ್ಲಿ ಹಿಡಿಯಲು ಆಗದಷ್ಟು ಕಾದರೆ ಬತ್ತಿ ದಪ್ಪ ಆಯಿತು. ಆ ಗ್ಲಾಸನ್ನು ಆಗಲೇ ಆರಿಸಿ. ಆರಿದ ಬತ್ತಿಯ ತುದಿ ನೋಡುವುದನ್ನೂ ಕಲಿಯಿರಿ. ತುದಿ ಗಟ್ಟಿ ಅಂಟಿನ ಹಾಗಿದ್ದರೆ ಮೇಣದಲ್ಲಿ ಕಸ. ತುದಿ ಶುದ್ಧ ಇದ್ದು ಕರಗಿದ ಮೇಣದಲ್ಲಿ ಮುಳುಗಿದ್ದರೆ ಬತ್ತಿ ಸಪೂರ. ನಿಮ್ಮದರಲ್ಲಿ ಎರಡೂ ಒಟ್ಟಿಗೆ ಆಗಿದೆ ಅಂತ ನನ್ನ ಅಂದಾಜು.

ಅಂಗಡಿಯವರು ನಡುವೆ ತಂತಿ ಇರುವ ಬತ್ತಿ ಕೊಟ್ಟರೆ, ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿ. ಪೆನ್ಸಿಲ್ ಗೆರೆ ಹಾಗೆ ಬೂದು ಗುರುತು ಬಿದ್ದರೆ ಸೀಸ. ಮನೆಯೊಳಗೆ ಬೇಡವೇ ಬೇಡ. ಅಮೆರಿಕದಲ್ಲಿ ಅದನ್ನು 2003ರಲ್ಲೇ ನಿಷೇಧ ಮಾಡಿದ್ದಾರೆ.

ಗೆರಟೆ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ. ಗೆರಟೆಯಿಂದ ಇದ್ದಿಲು ಮಾಡುತ್ತಾರೆ, ಅಷ್ಟು ಚೆನ್ನಾಗಿ ಉರಿಯುವ ವಸ್ತು ಅದು. ಹೊಳಪು ಹಾಕದ ಮಣ್ಣಿನ ಕುಡಿಕೆಯೂ ಬೇಡ. ಒಮ್ಮೆ ನಾನು ಸಂತೆಯಿಂದ ತಂದ ಕುಡಿಕೆಯಲ್ಲಿ ಎರೆದೆ. ಮೂರನೇ ಸಲ ಹಚ್ಚಿದಾಗ ಕುಡಿಕೆಯ ಅಂಚಿಗೇ ಬೆಂಕಿ ಹಿಡಿಯಿತು. ಮಣ್ಣು ಮೇಣ ಹೀರಿ ಅದೇ ಒಂದು ಬತ್ತಿ ಆಗಿತ್ತು. ಪಕ್ಕದಲ್ಲಿದ್ದ ಸ್ಟೀಲ್ ತಟ್ಟೆ ಮುಚ್ಚಿ ಆರಿಸಿದೆ. ಹತ್ತಿರ ಯಾರೂ ಇರದಿದ್ದರೆ ಕಿಟಕಿಯ ಪರದೆ ಹಿಡಿಯುತ್ತಿತ್ತು.

—

ಎಣ್ಣೆಗಾಣ (ಪಡುಬಿದ್ರಿ)

ಗ್ಲಾಸಿಗಾದರೆ ನಾನು ತೆಂಗಿನೆಣ್ಣೆ ಸೇರಿಸುತ್ತೇನೆ. 800 ಗ್ರಾಂ ಮೇಣಕ್ಕೆ 200 ಗ್ರಾಂ. ಮೇಣ ಮೆದು ಆಗುತ್ತದೆ, ಆರುವಾಗ ಬಿರುಕು ಬಿಡುವುದಿಲ್ಲ, ಗಾಜಿನಿಂದ ಬಿಡಿಸಿಕೊಳ್ಳುವುದೂ ಕಡಿಮೆ. ಬತ್ತಿಯೂ ಒಂದು ನಂಬರ್ ಸಪೂರ ಸಾಕಾಗುತ್ತದೆ.

—

ಬಿಜೈ ಮೇಣದಮನೆ (ಮಂಗಳೂರು)

ಒಪ್ಪುತ್ತೇನೆ, ಒಳ್ಳೆಯ ದಾರಿ. ಆದರೆ ಕಾಲು ಭಾಗಕ್ಕಿಂತ ಜಾಸ್ತಿ ಹಾಕಬೇಡಿ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವಂಥದ್ದು, ನಮ್ಮಲ್ಲಿ ಅದು ಗಟ್ಟಿಯಾಗುವುದೇ ಅಪರೂಪ. ಏಪ್ರಿಲ್ ಸೆಕೆಗೆ ಕ್ಯಾಂಡಲ್ ಮೇಲೆ ಎಣ್ಣೆ ಬೆವರಿದ ಹಾಗೆ ಕೂರುತ್ತದೆ. ಎಣ್ಣೆ ಸೇರಿಸಿದರೆ ಬತ್ತಿಯ ಪರೀಕ್ಷೆ ಮೊದಲಿನಿಂದ ಮಾಡಬೇಕು. ಹೊಳೆಬದಿಯವರು ಮೊದಲು ಶುದ್ಧ ಮೇಣದಲ್ಲೇ ನೋಡಲಿ ಅಂತ ನನ್ನ ಆಸೆ. ಅಷ್ಟು ಒಳ್ಳೆಯ ಪರಿಮಳದ ಮೇಣ ಸಿಕ್ಕಿದೆ.

ಬಿರುಕಿಗೆ ಇನ್ನೊಂದು ಉಪಾಯ ಉಂಟು. ಖಾಲಿ ಗ್ಲಾಸನ್ನು ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿ, ಮೇಣ 70–75 ಡಿಗ್ರಿ ಇರುವಾಗ ಎರೆಯಿರಿ. ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ ಒಂದು ಬೈರಾಸು ಹೊದಿಸಿ. ಮೆಲ್ಲ ಮೆಲ್ಲ ಆರಿದರೆ ಬಿರುಕು ಬರುವುದು ಕಡಿಮೆ. ಕರಗಿಸುವಾಗ 85 ಡಿಗ್ರಿ ದಾಟಿಸಬೇಡಿ, ಬಣ್ಣ ಕೆಡುತ್ತದೆ.

—

ಹೊಳೆಬದಿ (ಕಲ್ಯಾಣಪುರ, ಉಡುಪಿ)

ಒಂದು ತಿಂಗಳಾಯಿತು, ಫಲಿತಾಂಶ ಹೇಳಲು ಬಂದೆ. ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ, ಮನಸ್ಸು ತುಂಬಿತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮುಜಂಟಿ ಮೇಣ ಸೇರಿಲ್ಲವಂತೆ. ಮಳೆನೀರಿನಲ್ಲಿ ಎರಡು ಸಲ ಕರಗಿಸಿ ಪಂಚೆ ಬಟ್ಟೆಯಲ್ಲಿ ಸೋಸಿದೆ. ಬಿಲ್ಲೆಯ ಅಡಿಯಿಂದ ಹೆರೆದ ಕೆಸರು ಒಂದು ದೊಡ್ಡ ಲೋಟ ಆಯಿತು. ಕಂದು ಇದ್ದ ಮೇಣ ಈಗ ಅರಿಶಿನ ಹಳದಿ. ಚಹಾ ಜಾಲರಿಯನ್ನು ನಂಬಿದ್ದೆನಲ್ಲ ಅಂತ ಬೇಸರ ಆಯಿತು.

ಗ್ಲಾಸಿನ ಒಳಗಿನ ಅಳತೆ 6.5 ಸೆಂ.ಮೀ. ಸರಿಯಾಗಿಯೇ ಹೇಳಿದ್ದಿರಿ. 1, 2, 3 ಬತ್ತಿ ತರಿಸಿ ಮೂರು ಗ್ಲಾಸ್ ಎರೆದೆ. ಹಳೆಯ ಸೋಸದ ಮೇಣ ಸ್ವಲ್ಪ ಇಟ್ಟುಕೊಂಡಿದ್ದೆ. ಅದರಲ್ಲೂ ನಂಬರ್ 2 ಹಾಕಿ ನಾಲ್ಕನೇ ಗ್ಲಾಸ್ ಮಾಡಿದೆ. ಮೇಣದ ತಪ್ಪು ಎಷ್ಟು, ಬತ್ತಿಯ ತಪ್ಪು ಎಷ್ಟು ಅಂತ ನೋಡಬೇಕಿತ್ತು.

ನಂಬರ್ 1 ಆರಲಿಲ್ಲ. ಆದರೆ ಮೂರು ಗಂಟೆಗೆ ಕೊಳ 4 ಸೆಂ.ಮೀ. ಮಾತ್ರ. ಮೂರು ಸಲ ಹಚ್ಚಿದರೂ ಅಂಚು ಕರಗಲಿಲ್ಲ, ಸುತ್ತ ಗೋಡೆ ನಿಂತಿತು. ನಂಬರ್ 3ರಲ್ಲಿ ಒಂದೂಮುಕ್ಕಾಲು ಗಂಟೆಗೇ ಅಂಚಿನ ತನಕ ಕರಗಿತು. ಜ್ವಾಲೆ ದೊಡ್ಡದು, ಗ್ಲಾಸಿನ ಬಾಯಿಯಲ್ಲಿ ಮಸಿ, ಗಾಜು ಮುಟ್ಟಲು ಆಗಲಿಲ್ಲ. ಆರಿಸಿಬಿಟ್ಟೆ. ನಂಬರ್ 2 ಮೊದಲ ಸಲ ಸುತ್ತಲೂ 4 ಮಿ.ಮೀ. ಅಂಚು ಉಳಿಸಿತು. ಎರಡನೇ ಸಲ ಒಂದು ಬದಿಯಲ್ಲಿ ಮಾತ್ರ ಉಳಿಯಿತು. ಮೂರನೇ ಸಲ ಪೂರ್ತಿ. ಬತ್ತಿಯ ತುದಿ ನೀವು ಹೇಳಿದ ಹಾಗೆ ಕೊಕ್ಕೆಯಾಗಿ ಬಾಗಿ, ಜ್ವಾಲೆಯಿಂದ ಹೊರಗೆ ಬಂದು ಕೆಂಪಗೆ ಹೊಳೆಯುತ್ತಿತ್ತು. ನಾನೂ ಮಗಳೂ ಕರೆಂಟ್ ತೆಗೆದು ಕತ್ತಲಲ್ಲಿ ಕೂತು ಅದನ್ನೇ ನೋಡಿದೆವು.

ನಾಲ್ಕನೇ ಗ್ಲಾಸ್, ಅದೇ ನಂಬರ್ 2, ಸೋಸದ ಮೇಣ. ಒಂದು ಗಂಟೆ ಚೆನ್ನಾಗಿ ಉರಿಯಿತು. ಒಂದೂವರೆ ಗಂಟೆಗೆ ಕುಗ್ಗಿತು, ಎರಡು ಗಂಟೆಗೆ ಆರಿತು. ತುದಿಯಲ್ಲಿ ಅದೇ ಅಂಟು ಗಂಟು.

ನಂಬರ್ 2ರ ಗ್ಲಾಸನ್ನು ದಿನಕ್ಕೆ ಮೂರು ಗಂಟೆಯಂತೆ ಕೊನೆ ತನಕ ಉರಿಸಿದೆ. ತಳದಲ್ಲಿ 1 ಸೆಂ.ಮೀ. ಮೇಣ ಉಳಿದಾಗ ನಿಲ್ಲಿಸಿದೆ. ಒಟ್ಟು 31 ಗಂಟೆ. ಉಳಿದ ಮೇಣವನ್ನು ಬಿಸಿನೀರಿನಲ್ಲಿ ಗ್ಲಾಸ್ ಇಟ್ಟು ಬಿಡಿಸಿ ಮುಂದಿನ ಪಾತ್ರೆಗೆ ಹಾಕಿದ್ದೇನೆ.

ಗೆರಟೆಯ ಆಸೆ ಬಿಟ್ಟೆ. ಅಮ್ಮ ಅದರಲ್ಲಿ ಸೌಟು ಮಾಡಿಸುತ್ತಾರಂತೆ.

ಈಗ ಇರುವ ಮೇಣಕ್ಕೆ ಹನ್ನೆರಡು ಗ್ಲಾಸ್ ಆಗುತ್ತದೆ. ಇನ್ನೂ ಎಂಟಕ್ಕೆ ಒಂದೂವರೆ ಕಿಲೋ ಬೇಕು. ಚಿಕ್ಕಪ್ಪನ ಅಟ್ಟದಲ್ಲಿ ಇನ್ನೊಂದು ಬಿಲ್ಲೆ ಉಂಟಂತೆ. ಬರುವ ಭಾನುವಾರ ಸುಳ್ಯಕ್ಕೆ ಹೋಗುತ್ತೇನೆ. ಆ ಮೇಣಕ್ಕೂ ಎರೆಯುವ ಮೊದಲು ಒಂದು ಗ್ಲಾಸ್ ಪರೀಕ್ಷೆ ಮಾಡುತ್ತೇನೆ.

—

ಬಿಜೈ ಮೇಣದಮನೆ (ಮಂಗಳೂರು)

ನಾಲ್ಕನೇ ಗ್ಲಾಸ್ ಮಾಡಿದ್ದು ನನಗೆ ತುಂಬ ಖುಷಿ ಆಯಿತು. ನಾನು ಹೇಳಿರಲೇ ಇಲ್ಲ ಅದನ್ನು. ಸುಳ್ಯದಿಂದ ಬಂದ ಮೇಲೆ ಹೊಸ ಬಿಲ್ಲೆಯಲ್ಲಿ ಎಷ್ಟು ಕೆಸರು ಬಂತು ಅಂತ ಇಲ್ಲಿ ಬರೆಯಿರಿ.